ಸಾಲ್ಮನ್ ಸರೋವರದ ಜಮಾ-ಖರ್ಚು

ಅಂಗಡಿಯ ಮುಂದೆ ನಿಂತ ಗಿರಾಕಿಗಳ ಸಾಲನ್ನು ಕಂಡು ಸಂತೋಷಪಡುವ ವರ್ತಕರು ಬಹಳ ಮಂದಿ. ಹಿಂಬದಿಯ ಗೋದಾಮಿನಲ್ಲಿ ಎಷ್ಟು ಉಳಿದಿದೆ, ಅದು ಇನ್ನೆಷ್ಟು ದಿನಕ್ಕೆ ಸಾಕಾದೀತು ಎಂದು ಎಣಿಸಿ ನೋಡುವವರು ಕೆಲವೇ ಮಂದಿ. ಈ ಎರಡು ಬಗೆಯ ದೃಷ್ಟಿಗಳ ನಡುವಿನ ಅಂತರವನ್ನು ತಿಳಿಯಲು ಅಮೆರಿಕದ ಮಿಷಿಗನ್ ಮತ್ತು ಹ್ಯೂರಾನ್ ಎಂಬ ಅಕ್ಕಪಕ್ಕದ ಎರಡು ಸಿಹಿನೀರಿನ ಸರೋವರಗಳು ಒಳ್ಳೆಯ ನಿದರ್ಶನವನ್ನು ಒದಗಿಸುತ್ತವೆ. ಎರಡರಲ್ಲಿಯೂ ಸಾಲ್ಮನ್ ಮತ್ತು ಟ್ರೌಟ್ ಮೀನುಗಳನ್ನು ಗಾಳದಿಂದ ಹಿಡಿಯುವ ಹವ್ಯಾಸವನ್ನು ಆಧರಿಸಿ ದೊಡ್ಡದೊಂದು ಉದ್ಯಮ ಬೆಳೆಯಿತು. ಒಂದರಲ್ಲಿ ಅದು ಕುಸಿಯಿತು. ಇನ್ನೊಂದರಲ್ಲಿ ಕಷ್ಟಪಟ್ಟು ಉಳಿದುಕೊಂಡಿತು. ಮೀನು ತಿನ್ನದ ಸದಸ್ಯ ಬಾಂಧವರಿಗೂ ಇದರ ಲೆಕ್ಕಾಚಾರ ಉಪಯುಕ್ತವಾದೀತೆಂಬ ನಂಬಿಕೆಯಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ಮಲ್ಪೆ, ಮಂಗಳೂರು ಬಂದರುಗಳ ಟ್ರಾಲ್ ದೋಣಿಗಳು ದೊಡ್ಡ ಬಲೆಯನ್ನು ಕಡಲಿನಲ್ಲಿ ಎಳೆದು ಮೀನನ್ನು ರಾಶಿಯಾಗಿ ಹಿಡಿಯುತ್ತವೆ. ಇಲ್ಲಿ ಹೇಳಹೊರಟಿರುವುದು ಟ್ರೋಲಿಂಗ್. ನಿಧಾನವಾಗಿ ಸಾಗುವ ದೋಣಿಯ ಹಿಂದೆ ಹಲವು ಗಾಳಗಳನ್ನು ಬೇರೆ ಬೇರೆ ಆಳಗಳಲ್ಲಿ ಎಳೆದೊಯ್ದು, ಮೀನನ್ನು ಒಂದೊಂದಾಗಿ ಹಿಡಿಯುವ ಪದ್ಧತಿಗೆ ಈ ಹೆಸರು. ಉಚ್ಚಾರಣೆ ಹತ್ತಿರವಾದರೂ ವ್ಯವಹಾರ ಬೇರೆ. ಹವ್ಯಾಸಿಯು ಹಿಡಿದ ಸಾಲ್ಮನ್ ಮೀನನ್ನು ಮಾರಾಟ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಗಿರಾಕಿಯು ಹಣ ತೆರುವುದು ಸರೋವರದ ಮೇಲೆ ಕಳೆಯುವ ಅರ್ಧ ದಿನಕ್ಕೆ, ದೋಣಿಗೆ, ಸಲಕರಣೆಗೆ ಮತ್ತು ನಾಯಕನ ಅನುಭವಕ್ಕೆ. ದೊರೆತ ಮೀನು ಮನೆಯ ಅಡುಗೆಗೆ ಸೇರುತ್ತದೆ.

ಬರಿದಾದ ಸರೋವರ

ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ಉದ್ದ 490 ಕಿಲೋಮೀಟರಿಗೂ ಹೆಚ್ಚು. ಅತಿ ಹೆಚ್ಚಿನ ಆಳ 281 ಮೀಟರ್. ಕರ್ನಾಟಕದ ಒಟ್ಟು ವಿಸ್ತೀರ್ಣದ ಕಾಲು ಭಾಗಕ್ಕಿಂತಲೂ ದೊಡ್ಡದಾದ ಸಿಹಿನೀರಿನ ಹರವು ಇದು. ಮಿಷಿಗನ್, ವಿಸ್ಕಾನ್ಸಿನ್, ಇಲಿನಾಯ್ ಮತ್ತು ಇಂಡಿಯಾನಾ ಎಂಬ ನಾಲ್ಕು ರಾಜ್ಯಗಳು ಇದರ ದಡವನ್ನು ಹಂಚಿಕೊಂಡಿವೆ.

ಇಲ್ಲಿನ ಮೂಲನಿವಾಸಿಯಾದ ಲೇಕ್ ಟ್ರೌಟ್ ಮೀನು ಬಹುಕಾಲ ಬಲೆ ಬೀಸುವವರ ಜೀವನಾಧಾರವಾಗಿತ್ತು. ಹಡಗುಗಳ ಸಂಚಾರಕ್ಕಾಗಿ ನಿರ್ಮಿಸಿದ ವೆಲ್ಯಾಂಡ್ ಕಾಲುವೆಯು ನಯಾಗರಾ ಜಲಪಾತವೆಂಬ ನೈಸರ್ಗಿಕ ತಡೆಯನ್ನು ಬಳಸಿ ಹೋಗುವ ದಾರಿಯನ್ನು ತೆರೆಯಿತು. ಆ ದಾರಿಯಲ್ಲಿ ಹಾವಿನ ಆಕಾರದ, ಬೇರೆ ಮೀನುಗಳಿಗೆ ಅಂಟಿಕೊಂಡು ರಕ್ತ ಹೀರುವ ಲ್ಯಾಂಪ್ರಿ ಎಂಬ ಜೀವಿ ಮೇಲಿನ ಸರೋವರಗಳನ್ನು ಸೇರಿತು. ಮಿಷಿಗನ್ ಸರೋವರದಲ್ಲಿ ಅದು ಮೊದಲು ಕಂಡದ್ದು 1936ರಲ್ಲಿ. ಮಿತಿಮೀರಿದ ಬಲೆಗಾರಿಕೆಯೂ ಇದರೊಂದಿಗೆ ಸೇರಿ, 1950ರ ದಶಕದ ಹೊತ್ತಿಗೆ ಲೇಕ್ ಟ್ರೌಟ್ ಅಲ್ಲಿಂದ ಹೆಚ್ಚುಕಡಿಮೆ ಅಳಿದುಹೋಯಿತು.

ಬೇಟೆಗಾರ ಮೀನು ಇಲ್ಲವಾದ ಮೇಲೆ ಇನ್ನೊಂದು ಆಗಂತುಕ ಮೀನು ಹೆಚ್ಚಿತು. ಆಲ್‌ವೈಫ್ ಎಂಬ ಈ ಸಣ್ಣ ಬೆಳ್ಳಿಬಣ್ಣದ ಮೀನು ನಮ್ಮ ಕರಾವಳಿಯ ಭೂತಾಯಿಗೆ ದೂರದ ನೆಂಟ. 1949ರಲ್ಲಿ ಮಿಷಿಗನ್ ಸರೋವರದಲ್ಲಿ ಕಾಣಿಸಿಕೊಂಡ ಇದು, ತಿನ್ನುವವರಿಲ್ಲದ ಕಾರಣ 1960ರ ದಶಕದ ಮಧ್ಯಭಾಗಕ್ಕೆ ಸರೋವರದ ಮೀನಿನ ತೂಕದಲ್ಲಿ ಬಹುಪಾಲನ್ನು ಆಕ್ರಮಿಸಿತು. 1967ರ ಬೇಸಿಗೆಯಲ್ಲಿ ಇವು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದಾಗ, ಪ್ರವಾಸಿಗರು ಬರುವ ಕಡಲತೀರದಂಥ ಮರಳ ದಂಡೆಗಳನ್ನು ಯಂತ್ರಗಳಿಂದ ತೆರವುಗೊಳಿಸಬೇಕಾಯಿತು.

1966ರ ನಿರ್ಧಾರ

1964ರಲ್ಲಿ ಮಿಷಿಗನ್ ರಾಜ್ಯದ ಮೀನುಗಾರಿಕಾ ವಿಭಾಗದ ಮುಖ್ಯಸ್ಥರಾದ ಹೋವರ್ಡ್ ಟ್ಯಾನರ್ ಅವರಿಗೆ ಈ ಅನುಪಯುಕ್ತ ಸಣ್ಣಮೀನು ಬಳಕೆಯಾಗದೆ ಬಿದ್ದಿರುವ ಕಚ್ಚಾ ಸಾಮಗ್ರಿಯಂತೆ ಕಂಡಿತು. ಅದನ್ನು ತಿಂದು ಬೆಳೆಯುವ, ಹಿಡಿಯಲು ರೋಮಾಂಚಕವಾದ ಮೀನೊಂದನ್ನು ಬಿಟ್ಟರೆ ಸರೋವರದ ಸಮಸ್ಯೆಯೂ ತೀರುತ್ತದೆ, ದಡದ ಊರುಗಳಿಗೆ ವ್ಯಾಪಾರವೂ ದೊರೆಯುತ್ತದೆ ಎಂಬುದು ಅವರ ಆಲೋಚನೆ. ಅಷ್ಟರಲ್ಲಿ ಲ್ಯಾಂಪ್ರಿಯ ಮರಿಗಳನ್ನು ಹೊಳೆಗಳಲ್ಲಿಯೇ ಕೊಲ್ಲುವ ರಾಸಾಯನಿಕವೊಂದರ ಬಳಕೆ 1958ರಿಂದ ಆರಂಭವಾಗಿದ್ದುದೂ ಅನುಕೂಲವಾಯಿತು.

ಶಾಂತಸಾಗರದ ದಡದ ಒರೆಗಾನ್ ರಾಜ್ಯವು ಕೋಹೋ ಎಂಬ ಸಾಲ್ಮನ್ ಜಾತಿಯ ಸುಮಾರು 10 ಲಕ್ಷ ಮೊಟ್ಟೆಗಳನ್ನು ನೀಡಿತು. ಅವುಗಳಿಂದ ಬೆಳೆಸಿದ ಮರಿಗಳನ್ನು 1966ರ ವಸಂತದಲ್ಲಿ ಪ್ಲ್ಯಾಟ್ ನದಿ ಮತ್ತು ಬೇರ್ ಕ್ರೀಕ್ ಮುಂತಾದ ಹೊಳೆಗಳಲ್ಲಿ ಬಿಡಲಾಯಿತು. ಮರುವರ್ಷ ಚಿನೂಕ್ ಎಂಬ ಇನ್ನೂ ದೊಡ್ಡ ಜಾತಿಯ ಸಾಲ್ಮನ್ ಸೇರಿತು. 1967ರ ಶರತ್ಕಾಲದಲ್ಲಿ ಕೊಬ್ಬಿ ಬೆಳೆದ ಕೋಹೋ ಮೀನುಗಳು ದಡದತ್ತ ಬಂದಾಗ ಜನ ಮುಗಿಬಿದ್ದರು. ಸಣ್ಣಪುಟ್ಟ ದೋಣಿಗಳಲ್ಲಿಯೂ ಸರೋವರಕ್ಕೆ ಇಳಿದರು. ಆ ವರ್ಷದ ಸೆಪ್ಟೆಂಬರ್ 23ರಂದು ಎದ್ದ ಬಿರುಗಾಳಿಗೆ 7 ಮಂದಿ ಬಲಿಯಾದರು. ಹೊಸ ಮಾರುಕಟ್ಟೆಗೆ ತಕ್ಕ ದೋಣಿ, ತಂಗುದಾಣ, ಹವಾಮಾನದ ಎಚ್ಚರಿಕೆ ಯಾವುದೂ ಸಿದ್ಧವಿರಲಿಲ್ಲವೆಂಬುದು ಆ ದುರಂತದಿಂದ ಎಲ್ಲರಿಗೂ ಮನವರಿಕೆಯಾಯಿತು.

ಈ ನಿರ್ಧಾರದಿಂದ ಎಲ್ಲರಿಗೂ ಲಾಭವಾಯಿತೆಂದು ಹೇಳಲಾಗದು. ಸರೋವರವನ್ನು ಹವ್ಯಾಸಿಗಳ ಸಲುವಾಗಿ ನಿರ್ವಹಿಸುವ ನೀತಿಯಿಂದ ಬಲೆ ಬೀಸಿ ಬದುಕುತ್ತಿದ್ದ ಕುಟುಂಬಗಳ ವೃತ್ತಿ ಸಂಕುಚಿತಗೊಂಡಿತು. 1836ರ ಒಪ್ಪಂದದ ಪ್ರಕಾರ ಮೀನು ಹಿಡಿಯುವ ಹಕ್ಕು ತಮಗುಂಟೆಂದು ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳು ನ್ಯಾಯಾಲಯದ ಮೆಟ್ಟಿಲೇರಿ, 1979ರಲ್ಲಿ ಆ ಹಕ್ಕನ್ನು ಸ್ಥಾಪಿಸಿಕೊಳ್ಳಬೇಕಾಯಿತು.

ಗಾಳದ ತಂತ್ರ

ಬೇಸಿಗೆಯಲ್ಲಿ ಸರೋವರದ ಮೇಲ್ಪದರದ ನೀರು ಬೆಚ್ಚಗಾಗುತ್ತದೆ. ಕೆಳಗಿನದು ತಣ್ಣಗೇ ಉಳಿಯುತ್ತದೆ. ಚಿನೂಕ್ ಸಾಲ್ಮನ್ ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರನ್ನು ಬಯಸುತ್ತದೆ. ಆ ಪದರ ಒಂದು ದಿನ 10 ಮೀಟರ್ ಆಳದಲ್ಲಿದ್ದರೆ, ಗಾಳಿಯ ದಿಕ್ಕು ಬದಲಾದಾಗ ಮರುದಿನ 30 ಮೀಟರಿಗೆ ಇಳಿಯಬಹುದು. ಆದುದರಿಂದ ಗಾಳವನ್ನು ಬೇಕಾದ ಆಳಕ್ಕೆ ಇಳಿಸಿ, ಅಲ್ಲಿಯೇ ನಿಲ್ಲಿಸಿ, ಗಂಟೆಗೆ ಸುಮಾರು 3ರಿಂದ 5 ಕಿಲೋಮೀಟರ್ ವೇಗದಲ್ಲಿ ಎಳೆಯುವುದೇ ಈ ವಿದ್ಯೆಯ ಸಾರ.

ಇದಕ್ಕಾಗಿ ಬಳಕೆಗೆ ಬಂದ ಮುಖ್ಯ ಸಾಧನ ಡೌನ್‌ರಿಗ್ಗರ್. ದೋಣಿಯ ಹಿಂಬದಿಗೆ ಬಿಗಿದ ಪುಟ್ಟ ರಾಟೆಯೊಂದರಿಂದ ತಂತಿಯ ತುದಿಯಲ್ಲಿ ಸುಮಾರು 5 ಕಿಲೋಗ್ರಾಂ ತೂಕದ ಸೀಸದ ಗುಂಡನ್ನು ನೀರಿಗೆ ಇಳಿಸುತ್ತಾರೆ. ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ಅದಕ್ಕೆ ಜೋಡಿಸಿದ ಎಣಿಕೆಯಂತ್ರ ತೋರಿಸುತ್ತದೆ. ಗಾಳದ ದಾರವನ್ನು ಆ ಗುಂಡಿನ ಬಳಿ ಒಂದು ಚಿಮುಟದಿಂದ ಸಿಕ್ಕಿಸಿರುತ್ತಾರೆ. ಮೀನು ಕಚ್ಚಿದೊಡನೆ ದಾರ ಚಿಮುಟದಿಂದ ಬಿಡಿಸಿಕೊಳ್ಳುತ್ತದೆ. ಬಾಗಿದ್ದ ಗಾಳದ ಕೋಲು ಚಿಮ್ಮಿ ನೆಟ್ಟಗಾಗುತ್ತದೆ. ಅಲ್ಲಿಂದ ಮುಂದೆ ಸೀಸದ ಭಾರವಿಲ್ಲದೆ ಮನುಷ್ಯನಿಗೂ ಮೀನಿಗೂ ನೇರ ಹೋರಾಟ.

ಇದಲ್ಲದೆ ದಾರವನ್ನು ಕೆಳಕ್ಕೂ ಪಕ್ಕಕ್ಕೂ ಎಳೆದೊಯ್ಯುವ ಬಿಲ್ಲೆಗಳಿವೆ. ದೋಣಿಯಿಂದ ದೂರಕ್ಕೆ ದಾರವನ್ನು ಹರಡುವ ತೇಲುಹಲಗೆಗಳಿವೆ. ಒಳಗೆ ಸೀಸದ ಎಳೆಯಿರುವ ದಾರವೂ ಇದೆ. ಪ್ರತಿ 10 ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುವುದರಿಂದ, ನೀರಿಗೆ ಎಷ್ಟು ಬಿಟ್ಟಿದ್ದೇವೆಂಬುದನ್ನು ಬಣ್ಣ ಎಣಿಸಿಯೇ ತಿಳಿಯಬಹುದು. ಆಲ್‌ವೈಫ್ ಮೀನಿನಂತೆ ಮಿನುಗುವ ತಗಡಿನ ಚಮಚಗಳು, ಹೊಳೆಯುವ ಫಲಕದ ಹಿಂದೆ ಕಟ್ಟಿದ ಬಣ್ಣದ ನೂಲಿನ ಕುಚ್ಚುಗಳು ಇಲ್ಲಿನ ಕೃತಕ ಎರೆಗಳು. ಇಂಥ ವಸ್ತುಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಗಳು ಸರೋವರದ ಸುತ್ತಮುತ್ತ ಹುಟ್ಟಿಕೊಂಡವು. ದೋಣಿಯ ಮೇಲೆ ಎದುರಾದ ತೊಂದರೆಗೆ ಪರಿಹಾರವನ್ನು ಮೊದಲು ತನಗಾಗಿ, ನಂತರ ಮಾರಾಟಕ್ಕಾಗಿ ಮಾಡಿಕೊಳ್ಳುವುದು ಸಣ್ಣ ಉದ್ದಿಮೆಯ ಹಳೆಯ ಹಾದಿಯೇ ಆಗಿದೆ.

ಬಾಡಿಗೆ ದೋಣಿಯ ಲೆಕ್ಕ

ಲಡಿಂಗ್ಟನ್, ಮ್ಯಾನಿಸ್ಟೀ, ಗ್ರ್ಯಾಂಡ್ ಹೇವನ್, ಶೆಬಾಯ್‌ಗನ್, ಆಲ್ಗೋಮಾ ಮುಂತಾದ ಬಂದರುಗಳಲ್ಲಿ ಸಾಲ್ಮನ್ ಹಿಡಿಯಲು ಬಾಡಿಗೆ ದೋಣಿಗಳು ದೊರೆಯುತ್ತವೆ. ಹಣ ಪಡೆದು ಪ್ರಯಾಣಿಕರನ್ನು ಒಯ್ಯುವ ನಾಯಕನು ಅಮೆರಿಕದ ತಟರಕ್ಷಣಾ ಪಡೆಯ ಪರವಾನಗಿ ಹೊಂದಿರಬೇಕು. ಇಂಥ ಸಣ್ಣ ದೋಣಿಗಳ ಸಾಮಾನ್ಯ ಪರವಾನಗಿಯಲ್ಲಿ ಒಮ್ಮೆಗೆ 6 ಗಿರಾಕಿಗಳಿಗಿಂತ ಹೆಚ್ಚು ಮಂದಿಯನ್ನು ಹತ್ತಿಸಿಕೊಳ್ಳುವಂತಿಲ್ಲ.

ಲೆಕ್ಕಪರಿಶೋಧಕನ ಕಣ್ಣಿಗೆ ಇಲ್ಲಿಯೇ ಈ ವ್ಯಾಪಾರದ ಸ್ವರೂಪ ಗೋಚರಿಸುತ್ತದೆ. ಬೆಳಗಿನದೊಂದು, ಸಂಜೆಯದೊಂದು ಸರದಿ ಎಂದಿಟ್ಟುಕೊಂಡರೂ ದಿನಕ್ಕೆ 12 ಗಿರಾಕಿಗಳಿಗಿಂತ ಹೆಚ್ಚಿಲ್ಲ. ಚಳಿಗಾಲದಲ್ಲಿ ಬಂದರುಗಳು ಹೆಪ್ಪುಗಟ್ಟುವುದರಿಂದ ಆದಾಯ ವಸಂತದಿಂದ ಶರತ್ಕಾಲದವರೆಗಿನ ಕೆಲವೇ ತಿಂಗಳುಗಳದು. ಅದರಲ್ಲಿಯೂ ಗಾಳಿ ಎದ್ದ ದಿನಗಳನ್ನು ಕಳೆಯಬೇಕು. ಆದರೆ ದೋಣಿಯ ಸಾಲದ ಕಂತು, ವಿಮೆ, ಬಂದರಿನ ಬಾಡಿಗೆ, ಸವಕಳಿ ಇವು ಹನ್ನೆರಡು ತಿಂಗಳೂ ನಡೆಯುತ್ತವೆ. ಇಂಧನ ಮತ್ತು ಸಹಾಯಕನ ಸಂಬಳ ಮೀನು ಸಿಕ್ಕಿದರೂ ಸಿಗದಿದ್ದರೂ ಒಂದೇ. ಆದಾಯಕ್ಕೆ ಮೇಲ್ಮಿತಿಯಿದ್ದು ಸ್ಥಿರ ವೆಚ್ಚ ಅಧಿಕವಾಗಿರುವ ಇಂಥ ವ್ಯವಹಾರದಲ್ಲಿ, ಮುಂದಿನ ವರ್ಷವೂ ಅದೇ ಗಿರಾಕಿ ಮರಳಿ ಬರುವುದರ ಮೇಲೆ ಲಾಭ-ನಷ್ಟ ನಿಂತಿದೆ. ಆತ ಮರಳಿ ಬರಬೇಕಾದರೆ ಸರೋವರದಲ್ಲಿ ಮೀನಿರಬೇಕು.

ಸುಂಕ ಮರಳಿ ಬರುವ ಬಗೆ

ಮೀನಿನ ಮರಿಗಳನ್ನು ಬೆಳೆಸಿ ಬಿಡುವ ಖರ್ಚನ್ನು ಯಾರು ಭರಿಸುತ್ತಾರೆ ಎಂಬ ಪ್ರಶ್ನೆ ಸಹಜ. ಗಾಳ ಹಾಕುವ ಪರವಾನಗಿಯ ಶುಲ್ಕ ಒಂದು ಮೂಲ. ಇನ್ನೊಂದು, ನಮ್ಮ ತಯಾರಕ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಮೂಲ. 1950ರಲ್ಲಿ ಅಮೆರಿಕದ ಸಂಸತ್ತು ಡಿಂಗೆಲ್-ಜಾನ್ಸನ್ ಕಾಯ್ದೆಯನ್ನು ಅಂಗೀಕರಿಸಿತು. ಅದರಂತೆ ಗಾಳದ ಕೋಲು, ರಾಟೆ, ಕೃತಕ ಎರೆ ಮುಂತಾದವುಗಳ ಮೇಲೆ ಸಾಮಾನ್ಯವಾಗಿ ಶೇ. 10ರಷ್ಟು ಸುಂಕವಿದೆ. 2017ರಲ್ಲಿ ಜಿಎಸ್‌ಟಿ ಜಾರಿಯಾಗುವವರೆಗೆ ನಮ್ಮ ಕಾರ್ಖಾನೆಗಳು ಕಟ್ಟುತ್ತಿದ್ದ ಕೇಂದ್ರ ಅಬಕಾರಿ ಸುಂಕದಂತೆ ಇದನ್ನು ಪಾವತಿಸಬೇಕಾದವರು ತಯಾರಕರು ಮತ್ತು ಆಮದುದಾರರು. 1984ರ ತಿದ್ದುಪಡಿಯಿಂದ ಮೋಟಾರು ದೋಣಿಗಳ ಇಂಧನದ ತೆರಿಗೆಯ ಪಾಲೂ ಈ ನಿಧಿಗೆ ಸೇರಿತು.

ಸಂಗ್ರಹವಾದ ಹಣ ಸಾಮಾನ್ಯ ಖಜಾನೆಯಲ್ಲಿ ಕರಗಿಹೋಗುವುದಿಲ್ಲ. ಶೇ. 60ರಷ್ಟನ್ನು ಪರವಾನಗಿ ಹೊಂದಿದವರ ಸಂಖ್ಯೆಯ ಆಧಾರದಲ್ಲಿಯೂ, ಶೇ. 40ರಷ್ಟನ್ನು ವಿಸ್ತೀರ್ಣದ ಆಧಾರದಲ್ಲಿಯೂ ರಾಜ್ಯಗಳಿಗೆ ಹಂಚಲಾಗುತ್ತದೆ. ರಾಜ್ಯವು ಮೊದಲು ತಾನು ಖರ್ಚು ಮಾಡಿ, ಅದರ ಶೇ. 75ರವರೆಗಿನ ಮೊತ್ತವನ್ನು ಮರಳಿ ಪಡೆಯಬೇಕು. ಪರವಾನಗಿ ಶುಲ್ಕವನ್ನು ಮೀನು ಮತ್ತು ವನ್ಯಜೀವಿ ಇಲಾಖೆಯ ಕೆಲಸವಲ್ಲದೆ ಬೇರೆಯದಕ್ಕೆ ತಿರುಗಿಸುವ ರಾಜ್ಯಕ್ಕೆ ಈ ನೆರವು ದೊರೆಯುವುದಿಲ್ಲ. ತಾನು ಕಟ್ಟಿದ ಸುಂಕ ತನ್ನ ಗಿರಾಕಿಯ ಹವ್ಯಾಸವನ್ನು ಉಳಿಸುವ ಕೆಲಸಕ್ಕೇ ವಿನಿಯೋಗವಾಗುತ್ತಿದೆಯೆಂಬ ಅರಿವು ತಯಾರಕನಿಗಿರುವುದರಿಂದ, ಈ ತೆರಿಗೆಗೆ ಉದ್ಯಮದ ಬೆಂಬಲವೂ ದೀರ್ಘಕಾಲದಿಂದ ದೊರೆತಿದೆ.

ಹ್ಯೂರಾನ್ ಕಲಿಸಿದ ಪಾಠ

ಚಿನೂಕ್ ಸಾಲ್ಮನ್ ಬಹುಮಟ್ಟಿಗೆ ಆಲ್‌ವೈಫ್ ಮೀನನ್ನೇ ತಿಂದು ಬದುಕುತ್ತದೆ. ಮೂರು-ನಾಲ್ಕು ವರ್ಷ ಬೆಳೆದು, ಹುಟ್ಟಿದ ಅಥವಾ ಬಿಟ್ಟ ಹೊಳೆಗೆ ಮರಳಿ, ಮೊಟ್ಟೆಯಿಟ್ಟು ಸಾಯುತ್ತದೆ. ಅಂದರೆ ಇದು ಒಬ್ಬನೇ ಸರಬರಾಜುದಾರನನ್ನು ನೆಚ್ಚಿದ, ಅವಧಿ ಮುಗಿದೊಡನೆ ಇಲ್ಲವಾಗುವ ದಾಸ್ತಾನು. 1980ರ ದಶಕದ ಕೊನೆಯಲ್ಲಿ ಮಿಷಿಗನ್ ಸರೋವರದಲ್ಲಿ ಮೂತ್ರಪಿಂಡದ ರೋಗದಿಂದ ಚಿನೂಕ್ ಮೀನುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತದ್ದು ಮೊದಲ ಎಚ್ಚರಿಕೆಯಾಗಿತ್ತು.

ಎರಡನೆಯದು ಇನ್ನೂ ಗಂಭೀರವಾಗಿತ್ತು. ಸಾಗರ ದಾಟಿ ಬಂದ ಹಡಗುಗಳು ಭಾರಕ್ಕಾಗಿ ತುಂಬಿಸಿಕೊಂಡಿದ್ದ ನೀರಿನ ಮೂಲಕ ಜೀಬ್ರಾ ಮತ್ತು ಕ್ವಾಗಾ ಎಂಬ ಚಿಪ್ಪುಜೀವಿಗಳು ಸರೋವರಗಳನ್ನು ಪ್ರವೇಶಿಸಿದವು. ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಇವು ಕೋಟ್ಯಂತರ ಸಂಖ್ಯೆಯಲ್ಲಿ ತಳವನ್ನು ಆವರಿಸಿ, ನೀರಿನಲ್ಲಿರುವ ಸೂಕ್ಷ್ಮ ಆಹಾರವನ್ನು ಸೋಸಿ ನುಂಗುತ್ತವೆ. ನೀರು ನೋಡಲು ತಿಳಿಯಾಯಿತು; ಆದರೆ ಆಲ್‌ವೈಫ್ ಮೀನಿನ ಆಹಾರದ ಬುಡವೇ ಕುಗ್ಗಿತು.

ಹ್ಯೂರಾನ್ ಸರೋವರದಲ್ಲಿ ಮೇಲಿನಿಂದ ಸಾಲ್ಮನ್‌ಗಳ ಹಸಿವು, ಕೆಳಗಿನಿಂದ ಆಹಾರದ ಅಭಾವ ಎರಡೂ ಕೂಡಿದವು. 2003-04ರಲ್ಲಿ ಅಲ್ಲಿನ ಆಲ್‌ವೈಫ್ ಸಂತತಿ ಕುಸಿದುಬಿತ್ತು. ಮುಂದಿನ ವರ್ಷಗಳಲ್ಲಿ ಸಾಲ್ಮನ್‌ಗಳು ಬಡಕಲಾದವು, ವಿರಳವಾದವು. ಆಸ್ಕೋಡಾ, ಹಾರ್ಬರ್ ಬೀಚ್ ಮೊದಲಾದ ಬಂದರುಗಳಲ್ಲಿ ಸಾಲ್ಮನ್ ಹಿಡಿಯಲು ಬರುವವರ ಸಂಖ್ಯೆ ಇಳಿಯಿತು. ದೋಣಿ ಮಾಲೀಕ, ಎರೆ ಅಂಗಡಿಯವ, ವಸತಿಗೃಹದವ, ಪೆಟ್ರೋಲ್ ಬಂಕಿನವ ಎಲ್ಲರೂ ಇದರ ಬಿಸಿ ಅನುಭವಿಸಿದರು.

ಇಲ್ಲಿ ಲೆಕ್ಕಕ್ಕೆ ಸಂಬಂಧಿಸಿದ ಮುಖ್ಯ ಅಂಶವೊಂದಿದೆ. ಇಲಾಖೆಗಳಿಗೆ ತಾವು ಬಿಟ್ಟ ಮರಿಗಳ ಸಂಖ್ಯೆ ತಿಳಿದಿತ್ತು. ಆದರೆ ಸಾಲ್ಮನ್‌ಗಳು ಕೆನಡಾ ಕಡೆಯ ಹೊಳೆಗಳಲ್ಲಿ ತಾವಾಗಿಯೇ ಮರಿಮಾಡತೊಡಗಿದ್ದವು. 2000ದ ದಶಕದ ಆರಂಭದ ವೇಳೆಗೆ ಹ್ಯೂರಾನಿನ ಚಿನೂಕ್‌ಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವೇ ಆಗಿದ್ದವು. ಪುಸ್ತಕದಲ್ಲಿ ದಾಖಲಾಗದ ಬಾಯಿಗಳು ದಾಖಲಾದವುಗಳಿಗಿಂತ ಹೆಚ್ಚಾಗಿದ್ದವು. ಬಿಡುವ ಮರಿಗಳನ್ನು ಕಡಿಮೆ ಮಾಡಿದರೂ ಹೊರೆ ಇಳಿಯುವ ಸ್ಥಿತಿ ಉಳಿದಿರಲಿಲ್ಲ.

ಕಡಿತದ ಕಹಿಮದ್ದು

ಮಿಷಿಗನ್ ಸರೋವರದ ಆಡಳಿತಗಾರರು ಪಕ್ಕದ ಮನೆಯ ಬೆಂಕಿಯನ್ನು ಕಂಡು ಎಚ್ಚೆತ್ತರು. ಬಿಡುವ ಚಿನೂಕ್ ಮರಿಗಳನ್ನು ಹಂತಹಂತವಾಗಿ ಕಡಿಮೆ ಮಾಡತೊಡಗಿದರು. ನಂತರ ಸರಿಯಾದ ದಾಸ್ತಾನು ಪರಿಶೀಲನೆಯೂ ನಡೆಯಿತು. ಬಿಡುವ ಮರಿಗಳ ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಕತ್ತರಿಸಿ, ಮೂತಿಯೊಳಗೆ ಸಂಕೇತವಿರುವ ಸೂಕ್ಷ್ಮ ತಂತಿಯ ತುಣುಕನ್ನು ಇಡಲಾಯಿತು. ಗಾಳಕ್ಕೆ ಸಿಕ್ಕ ಮೀನಿಗೆ ಆ ರೆಕ್ಕೆ ಇದ್ದರೆ ಅದು ಹೊಳೆಯಲ್ಲಿ ಹುಟ್ಟಿದ್ದು; ಇಲ್ಲದಿದ್ದರೆ ಇಲಾಖೆಯದು. ಹವ್ಯಾಸಿಗಳು ಗುರುತಿರುವ ಮೀನಿನ ತಲೆಗಳನ್ನು ಇಲಾಖೆಗೆ ಒಪ್ಪಿಸಿ ನೆರವಾದರು. ಇಲ್ಲಿಯೂ ಅರ್ಧಕ್ಕಿಂತ ಹೆಚ್ಚು ಚಿನೂಕ್‌ಗಳು ಹೊಳೆಯಲ್ಲಿ ಹುಟ್ಟಿದವೆಂದು ತಿಳಿದುಬಂದಿತು.

2013ರಲ್ಲಿ ಚಿನೂಕ್ ಮರಿಗಳ ಬಿಡುಗಡೆಯನ್ನು ಸುಮಾರು ಅರ್ಧದಷ್ಟು ಇಳಿಸಲಾಯಿತು. 2016ರಲ್ಲಿ ಮತ್ತೊಂದು ದೊಡ್ಡ ಕಡಿತದ ಪ್ರಸ್ತಾಪ ಬಂದಾಗ ದೋಣಿ ನಾಯಕರೂ ಹವ್ಯಾಸಿಗಳೂ ಬಲವಾಗಿ ಆಕ್ಷೇಪಿಸಿದರು. ಅವರ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಸಾಲ್ಮನ್ ಒಂದನ್ನೇ ಕಡಿಮೆ ಮಾಡುವುದೇಕೆ, ಆಲ್‌ವೈಫ್ ತಿನ್ನುವ ಬೇರೆ ಮೀನುಗಳೂ ಇವೆಯಲ್ಲ ಎಂದು ಅವರು ಕೇಳಿದರು. ಕೊನೆಗೆ ಪ್ರಸ್ತಾಪವನ್ನು ತಿದ್ದಿ, ಕಡಿತದ ಭಾರವನ್ನು ಲೇಕ್ ಟ್ರೌಟ್ ಮುಂತಾದ ಮೀನುಗಳ ಮೇಲೂ ಹಂಚಲಾಯಿತು. ತಮ್ಮ ದಾಸ್ತಾನನ್ನು ತಾವೇ ಇಳಿಸಿಕೊಳ್ಳುವ ನಿರ್ಧಾರಕ್ಕೆ ವ್ಯಾಪಾರಸ್ಥರು ಸುಮ್ಮನೆ ತಲೆಬಾಗಲಿಲ್ಲ. ಲೆಕ್ಕ ಕೇಳಿ, ತಿದ್ದುಪಡಿ ಮಾಡಿಸಿ, ನಂತರ ಒಪ್ಪಿದರು.

ಮಿಷಿಗನ್ ಸರೋವರದಲ್ಲಿ ಆಲ್‌ವೈಫ್ ಉಳಿಯಿತು. ಸಾಲ್ಮನ್ ಸಹ ಉಳಿಯಿತು. 2021ರ ಆಗಸ್ಟ್‌ನಲ್ಲಿ ಲಡಿಂಗ್ಟನ್ ಬಳಿ 47.86 ಪೌಂಡ್, ಅಂದರೆ ಸುಮಾರು 21.7 ಕಿಲೋಗ್ರಾಂ ತೂಕದ ಚಿನೂಕ್ ಸಿಕ್ಕಿ, 1978ರಿಂದ ನಿಂತಿದ್ದ ಮಿಷಿಗನ್ ರಾಜ್ಯದ ದಾಖಲೆ ಮುರಿಯಿತು. ಒಂದು ಮೀನಿನಿಂದ ನೀತಿಯ ಯಶಸ್ಸನ್ನು ಅಳೆಯಲಾಗದು. ಆದರೂ ಹೊಟ್ಟೆತುಂಬ ಆಹಾರವಿಲ್ಲದ ಸರೋವರದಲ್ಲಿ ಅಂಥ ಮೀನು ಬೆಳೆಯಲಾರದು. ಹ್ಯೂರಾನಿನಲ್ಲಿಯೂ ಎಲ್ಲವೂ ಮುಗಿದುಹೋಗಲಿಲ್ಲ. ಆಲ್‌ವೈಫ್ ಹೋದ ಮೇಲೆ ಮೂಲನಿವಾಸಿಗಳಾದ ವಾಲ್‌ಐ ಮತ್ತು ಲೇಕ್ ಟ್ರೌಟ್ ಮರಿಮಾಡಿ ಚೇತರಿಸಿಕೊಂಡವು. ಆ ಮೀನುಗಳಿಗೆ ತಕ್ಕಂತೆ ಸಲಕರಣೆಯನ್ನೂ ಗಿರಾಕಿಯನ್ನೂ ಬದಲಿಸಿಕೊಳ್ಳಬಲ್ಲ ನಾಯಕರಿಗೆ ಹೊಸ ದಾರಿ ತೆರೆದಿತ್ತು.

ನಮಗೇನು?

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು 61 ದಿನ ಕಡಲಿಗಿಳಿಯುವಂತಿಲ್ಲ. ಆ ಅವಧಿಯಲ್ಲಿ ಮಂಜುಗಡ್ಡೆಯ ಕಾರ್ಖಾನೆ, ಡೀಸೆಲ್ ಬಂಕು, ಬಲೆಯಂಗಡಿ ಎಲ್ಲದರ ವಹಿವಾಟು ಇಳಿಯುವುದನ್ನು ಅಲ್ಲಿನ ಸದಸ್ಯರು ಬಲ್ಲರು. ಇಂದಿನ ವಹಿವಾಟನ್ನು ಬಿಟ್ಟುಕೊಟ್ಟು ನಾಳಿನ ಬಂಡವಾಳವನ್ನು ಉಳಿಸುವುದು ಎಷ್ಟು ಕಷ್ಟವೆಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಿಕ್ಕ ವ್ಯಾಪಾರಗಳಿಗೂ ಇದು ಅನ್ವಯಿಸುತ್ತದೆ. ವಹಿವಾಟು ಏರುತ್ತಿರುವ ವರ್ಷದಲ್ಲಿಯೇ ನಮ್ಮ ಆಲ್‌ವೈಫ್ ಯಾವುದೆಂದು ಕೇಳಿಕೊಳ್ಳಬೇಕು. ಅದು ಒಬ್ಬನೇ ದೊಡ್ಡ ಗಿರಾಕಿಯಾಗಿರಬಹುದು, ಒಂದೇ ಊರಿನಿಂದ ಬರುವ ಕಚ್ಚಾ ಮಾಲಾಗಿರಬಹುದು, ಕೊಳವೆಬಾವಿಯ ನೀರಾಗಿರಬಹುದು. ಅದು ಕುಗ್ಗುತ್ತಿದೆಯೆಂಬ ಸುದ್ದಿ ಅಢಾವೆ ಪತ್ರಿಕೆಯಲ್ಲಿ ಕಾಣುವುದು ಕಟ್ಟಕಡೆಗೆ. ಅದಕ್ಕೂ ಮೊದಲು ಮಾಲಿನ ಗುಣಮಟ್ಟ ಇಳಿಯುತ್ತದೆ, ಪೂರೈಕೆ ತಡವಾಗುತ್ತದೆ. ಹ್ಯೂರಾನಿನ ಸಾಲ್ಮನ್‌ಗಳು ಇಲ್ಲವಾಗುವ ಮುನ್ನ ಬಡಕಲಾದಂತೆಯೇ.

ಮುಂಬರುವ ಮಾರ್ಚ್ 31ರಂದು ಗೋದಾಮಿನ ಸರಕನ್ನು ಎಣಿಸುವಾಗ, ಸದಸ್ಯ ಬಾಂಧವರು ಇನ್ನೊಂದು ಹಾಳೆಯನ್ನೂ ಜೊತೆಗಿಟ್ಟುಕೊಳ್ಳಬೇಕೆಂದು ವಿನಂತಿ. ನಮ್ಮ ವ್ಯಾಪಾರ ಯಾವುದನ್ನು ತಿಂದು ಬದುಕುತ್ತಿದೆ, ಅದನ್ನೇ ತಿನ್ನುತ್ತಿರುವ, ನಮ್ಮ ಪುಸ್ತಕದಲ್ಲಿಲ್ಲದ ಇತರರು ಎಷ್ಟು ಮಂದಿ, ಅದು ಕಳೆದ ವರ್ಷಕ್ಕಿಂತ ಹೆಚ್ಚಿದೆಯೋ ಕಡಿಮೆಯಾಗಿದೆಯೋ ಎಂಬ ಮೂರು ಸಾಲುಗಳನ್ನು ಅದರಲ್ಲಿ ಬರೆದಿಟ್ಟರೆ ಸಾಕು. ಆದಾಯ ತೆರಿಗೆ ಇಲಾಖೆ ಆ ಹಾಳೆಯನ್ನು ಕೇಳುವುದಿಲ್ಲ. ವ್ಯಾಪಾರವನ್ನು ಮುಂದಿನ ತಲೆಮಾರಿಗೆ ಒಪ್ಪಿಸುವ ದಿನ ಮಕ್ಕಳು ಕೇಳಬಹುದು.